ಕಂಪನಿಯ ಮೇಲ್, ಕಳ್ಳರ ವೇಷ

ಮಸ್ಕಿಯ ತಾಲ್ಲೂಕು ಕಚೇರಿಯ ಎದುರು ಅಕ್ಕನದೊಂದು ಟೈಪಿಂಗ್ ಅಂಗಡಿ ಇದೆ. ನಾನು ಸಿಂಧನೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಹಾಗಾಗಿ ಅವಳ ಕಂಪ್ಯೂಟರಿಗೆ ಏನಾದರೂ ಮೊದಲ ಫೋನು ನನಗೇ.

ಅವತ್ತು ಅವಳ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಕಂಪನಿಯ ಹೆಸರಲ್ಲಿ ಒಂದು ಮೇಲ್ ಬಂದಿತ್ತು: ಹಳೆಯ ಗ್ರಾಹಕರಿಗೆ ಹೊಸ ಆವೃತ್ತಿ ಉಚಿತ, ಈ ವಾರವೇ ಕೊನೆ, ಕೂಡಲೇ ಲಿಂಕ್ ಒತ್ತಿ.

"ಒತ್ತಲೇನು?" ಅಂದಳು ಅಕ್ಕ ಫೋನಿನಲ್ಲಿ.

"ತಡಿ. ಕಳಿಸಿದ ವಿಳಾಸ ಓದು."

ಓದಿದಳು. ಅದರಲ್ಲಿ ಕಂಪನಿಯ ಹೆಸರೇ ಇರಲಿಲ್ಲ. ಒಳಗೆ ಅಕ್ಕನ ಹೆಸರೂ ಇಲ್ಲ, ಬರೀ 'ಪ್ರಿಯ ಗ್ರಾಹಕರೇ'. ಲಿಂಕ್ ಒತ್ತದೆ ಅದರ ಮೇಲೆ ಮೌಸ್ ಇಡಿಸಿದೆ. ಕೆಳಗೆ ಮೂಡಿದ ವಿಳಾಸವೂ ಕಂಪನಿಯದಾಗಿರಲಿಲ್ಲ. ನಾನು ತರಗತಿಯಲ್ಲಿ ಬರೆಸುವ ಮೋಸದ ಲಕ್ಷಣಗಳಲ್ಲಿ ಒಂದೂ ತಪ್ಪಿರಲಿಲ್ಲ.

"ಪಕ್ಕಾ ಸುಳ್ಳೈತಿ ಅಕ್ಕಾ, ಅಳಿಸಿಬಿಡು" ಅಂದೆ. ಅಳಿಸಿದಳು.

ಮುಂದಿನ ಸೋಮವಾರ ನಾನು ಅಂಗಡಿಗೆ ಹೋದಾಗ ಪರದೆಯ ಮೇಲೆ ಅಕ್ಷರಗಳ ಬದಲು ಬರೀ ಚೌಕಗಳು. ಕಂಪನಿ ಹಳೆಯ ಆವೃತ್ತಿಯನ್ನು ನಿಲ್ಲಿಸಿಬಿಟ್ಟಿತ್ತು. ವಿಧವಾ ವೇತನದ ಅರ್ಜಿ ಬರೆಸಲು ಬಳಗಾನೂರಿನಿಂದ ಬಂದಿದ್ದ ಒಬ್ಬ ಹೆಂಗಸು ಬಾಗಿಲಲ್ಲೇ ಕೂತಿದ್ದಳು. ಭತ್ತದ ನಾಟಿ ಬಿಟ್ಟು ಬಂದಿದ್ದಳು.

ಕಂಪನಿಗೆ ಫೋನು ಹಚ್ಚಿ ಸ್ಪೀಕರ್‌ಗೆ ಹಾಕಿದೆ. ಅತ್ತಲಿಂದ ಒಬ್ಬ ತಣ್ಣಗೆ, "ಹೋದ ವಾರವೇ ಮೇಲ್ ಕಳಿಸಿದ್ವಲ್ಲ ಮೇಡಂ. ನೀವು ನೋಡಬೇಕಿತ್ತು" ಅಂದ.

"ಆ ಮೇಲ್ ನಿಮ್ದಾ?"

"ನಮ್ಮದೇ. ಮೇಲ್ ಕಳಿಸೋ ಕೆಲಸ ಬೇರೆಯವರಿಗೆ ಕೊಟ್ಟಿದ್ದೀವಿ. ಅದಕ್ಕೇ ವಿಳಾಸ ಬೇರೆ ಇರುತ್ತೆ."

ನನ್ನ ಮೈ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಫೋನು ಕಸಿದುಕೊಂಡಳು.

"ಕಳ್ಳರಂಗ ಬಂದು ಬಾಗಲಾ ಬಡಿದ್ರ ಯಾರ್ ತೆಗೀತಾರ್ರೀ? ನಿಮ್ಮ ಹೆಸರ್ಲೇ ಬರಾಕ ನಿಮಗ ಏನಾಗಿತ್ರೀ?"

ಅವನು 'ದೂರು ದಾಖಲಿಸುತ್ತೇವೆ' ಎಂದು ಫೋನಿಟ್ಟ.

"ನಾಳಿ ಬರ್ಲೇನ್ ಯವ್ವಾ? ನಾಳಿನ ಕೂಲೀನೂ ಹೋಗ್ತೈತಿ" ಅಂದಳು ಬಾಗಿಲಲ್ಲಿದ್ದವಳು.

ಅರ್ಜಿಯನ್ನು ಕೈಯಲ್ಲೇ ಬರೆದೆ. ಸಿಟ್ಟಿಗೆ ಪೆನ್ನು ಒತ್ತಿ ಹಾಳೆ ಎರಡು ಕಡೆ ಹರಿಯಿತು, ಮತ್ತೆ ಬರೆದೆ. ಎದುರಿನ ಕಚೇರಿಯ ಗುಮಾಸ್ತ, ಟೈಪ್ ಮಾಡಿಲ್ಲವೆಂದು ಗೊಣಗಿ, ತೆಗೆದುಕೊಂಡ.

ಅವಳು ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. "ನೀನರ ಏನ್ ಶ್ಯಾಣ್ಯಾಕಿ? ಅಳಿಸಂದಿ. ಕಂಪನೀಗೊಂದು ಫೋನ್ ಮಾಡಿ ಕೇಳು ಅಂತ ಯಾಕ ಅನ್ಲಿಲ್ಲ?"

ಆ ಮಾತು ನಾಟಿತು. ಲಕ್ಷಣಗಳು ಅನುಮಾನ ಹುಟ್ಟಿಸುತ್ತವೆ, ಅಷ್ಟೆ. ಖಾತ್ರಿ ಆಗಬೇಕಾದರೆ ಮೇಲ್‌ನ ಲಿಂಕ್ ಮುಟ್ಟದೆ, ಹಳೆಯ ರಸೀದಿಯಲ್ಲಿರುವ ನಂಬರಿಗೆ ನಾವೇ ಫೋನು ಮಾಡಿ ಕೇಳಬೇಕು. ಹೊಸ ಆವೃತ್ತಿ ನಾಲ್ಕು ದಿನ ಬಿಟ್ಟು ಸಿಕ್ಕಿತು, ಕ್ಷಮೆಯ ಒಂದು ಮಾತೂ ಇಲ್ಲದೆ.

ತರಗತಿಯಲ್ಲಿ ನನ್ನ ತಪ್ಪನ್ನೂ ಸೇರಿಸಿಯೇ ಇದನ್ನು ಹೇಳಿದೆ. ಮುಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು: "ಮತ್ತ ಕಂಪನೀಯವ್ರ ಹಿಂಗ ಬರದ್ರ ನಮ್ದೇನ್ ತಪ್ರೀ ಮೇಡಂ?"

"ನಿಮ್ದೇನೂ ತಪ್ಪಿಲ್ಲ!" ಅಂದೆ. ಪಕ್ಕದ ಕೋಣೆಯ ಪಾಠ ನಿಲ್ಲುವಷ್ಟು ಜೋರಾಗಿ ಅಂದಿದ್ದೆ.