ಒಬ್ಬ ಅಪ್ಪನಿಗೆ ಎರಡು ತಿಥಿ

ಇದು ಹೋದ ವರ್ಷ ದೀಪಾವಳಿ ಮುಗಿದ ಮೇಲೆ ನಡೆದದ್ದು. ಪಾಲಿಟೆಕ್ನಿಕ್‌ನಲ್ಲಿ ಸಿ ಭಾಷೆ ಕಲಿಸಿ ನಿವೃತ್ತನಾದ ನಾನು ಇಂಡಿಯಲ್ಲಿದ್ದೇನೆ. ನಸುಕಿನಲ್ಲಿ ಏಳುವುದು, ಸ್ನಾನ, ಸಂಧ್ಯಾವಂದನೆ, ಚಹಾ, ಆಮೇಲೆ ಕಂಪ್ಯೂಟರ್. ಈ ಕ್ರಮ ತಪ್ಪುವುದಿಲ್ಲ. ನಮ್ಮ ಬಳಗದವರಿಗಾಗಿ ಒಂದು ವೆಬ್‌ಸೈಟ್ ಮಾಡಿದ್ದೆ. ತೀರಿಕೊಂಡವರ ತಾರೀಖು ಹಾಕಿದರೆ ಅವರ ಶ್ರಾದ್ಧದ ತಿಥಿ ಯಾವುದು, ಈ ವರ್ಷ ಯಾವ ದಿನ ಬರುತ್ತದೆ ಎಂದು ಹೇಳುತ್ತಿತ್ತು.

ಸೈಟು ಪಿಎಚ್‌ಪಿ ಭಾಷೆಯಲ್ಲಿತ್ತು. ಸೂರ್ಯ ಚಂದ್ರರ ಲೆಕ್ಕ ಅದರಲ್ಲಿ ಬಹಳ ನಿಧಾನ. ಆದ್ದರಿಂದ ಆ ಫಂಕ್ಷನ್‌ಗಳನ್ನಷ್ಟೇ ಸಿ ಭಾಷೆಯಲ್ಲಿ ಬರೆದು ಪಿಎಚ್‌ಪಿಗೆ ಜೋಡಿಸಿದೆ. ಹೀಗೆ ಜೋಡಿಸುವುದಕ್ಕೆ ಎಕ್ಸ್‌ಟೆನ್ಶನ್ ಎನ್ನುತ್ತಾರೆ. ಮನೆಯಲ್ಲಿದ್ದ ಹಳೆಯ ಪಂಚಾಂಗಗಳನ್ನು ಎದುರಿಗಿಟ್ಟುಕೊಂಡು ಒಂದೊಂದೇ ತಾರೀಖು ಹಾಕಿ ತಾಳೆ ನೋಡಿದೆ. ಒಂದೂ ತಪ್ಪಲಿಲ್ಲ.

ಒಂದು ಮಧ್ಯಾಹ್ನ ಮುದ್ದೇಬಿಹಾಳದಿಂದ ದೂರದ ಸಂಬಂಧಿ ಸುಮಿತ್ರಾ ಫೋನ್ ಮಾಡಿದಳು. ಅವಳ ತಂದೆ ತೀರಿಕೊಂಡಾಗ ಮಕ್ಕಳು ಚಿಕ್ಕವರು. ಶ್ರಾದ್ಧವನ್ನು ಚಿಕ್ಕಪ್ಪನೇ ಮಾಡುತ್ತ ಬಂದಿದ್ದರು. ಅವರೂ ಹೋದ ಮೇಲೆ ಈ ವರ್ಷ ಮೊದಲ ಸಲ ಅವಳ ಅಣ್ಣ ಶ್ರೀಪಾದ ಸಿಂದಗಿಯಲ್ಲಿ ಮಾಡಬೇಕಿತ್ತು. ಇಬ್ಬರಿಗೂ ಗೊತ್ತಿದ್ದದ್ದು ತಾರೀಖು ಒಂದೇ. ಅಣ್ಣನಿಗೆ ನನ್ನ ಸೈಟು ಮಾರ್ಗಶಿರ ಶುದ್ಧ ದಶಮಿ ಎಂದಿತ್ತು, ತಂಗಿಗೆ ವದ್ಯ ದಶಮಿ. ಮೊದಲನೆಯದು ಚಂದ್ರ ಬೆಳೆಯುವ ಪಕ್ಷ, ಎರಡನೆಯದು ಕರಗುವ ಪಕ್ಷ. ನಡುವೆ ಅರ್ಧ ತಿಂಗಳು. ಅಣ್ಣ ತಂಗಿ ಮಾತು ಬಿಡುವ ಹಂತಕ್ಕೆ ಬಂದಿದ್ದರು.

“ಕಾಕಾ, ನಮ್ಮಪ್ಪ ಎರಡು ಸರ್ತೆ ಸತ್ತಾರೇನ್ರಿ?” ಎಂದಳು.

ತಾರೀಖು ತಪ್ಪು ಹಾಕಿರಬೇಕು ಎಂದೆ. ಹಾಕಿರಲಿಲ್ಲ. ಹಾಗಾದರೆ ಆಚಾರ್ಯರನ್ನು ಕೇಳು ಎಂದೆ. ಕೇಳಿದ್ದಳಂತೆ. ಆ ವರ್ಷದ ಪಂಚಾಂಗ ಅವರ ಬಳಿಯೂ ಇರಲಿಲ್ಲ, ಅವರೂ ನನ್ನ ಸೈಟನ್ನೇ ನೋಡಿ ಹೇಳಿದ್ದರು.

ಮನೆಯ ಕಂಪ್ಯೂಟರಿನಲ್ಲೇ ಪ್ರೋಗ್ರಾಂ ಓಡಿಸಿ ಎಷ್ಟು ಸಲ ಹಾಕಿದರೂ ಶುದ್ಧ ದಶಮಿಯೇ ಬಂತು. ಆದರೆ ಅವಳ ಫೋನಿನಲ್ಲಿ ವದ್ಯ. ಅದೇ ಕೋಡು, ಅದೇ ತಾರೀಖು. ನನಗೆ ಊಟ ರುಚಿಸಲಿಲ್ಲ. ಮರುದಿನ ಕ್ರಮ ಮುರಿದು, ಚಹಾ ಕುಡಿಯದೆ ಮುದ್ದೇಬಿಹಾಳಕ್ಕೆಂದು ಬಸ್ ಹತ್ತಿದೆ. ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಫೋನಿನಲ್ಲಿ ನೋಡಿದೆ, ಶುದ್ಧ ಎಂದಿತು. ಬೇರೆ ಬಸ್ಸಿನಲ್ಲಿ ಕೂತು ಮತ್ತೆ ನೋಡಿದೆ, ವದ್ಯ ಎಂದಿತು. ಕಲಿಸಿದ ವಿದ್ಯೆಯ ಮೇಲೇ ಸಂಶಯ ಬಂತು.

ಸುಮಿತ್ರಾಳ ಮನೆಯಲ್ಲಿ ಅವಳೇ ಹಾಕಿದಳು. ಶುದ್ಧ ದಶಮಿ ಬಂತು. “ನೀವು ಬಂದೀರಂತ ಹೆದರೇದ ಅದು” ಎಂದು ಕುಟುಕಿದಳು. ಪಕ್ಕದಲ್ಲಿದ್ದ ಅವಳ ಅತ್ತೆ, ಹೇಗೂ ತೆಗೆದಿದ್ದೀರಿ, ನಮ್ಮ ಯಜಮಾನರದೂ ಒಮ್ಮೆ ನೋಡಿ ಎಂದರು. ನೋಡಿದೆವು. ವದ್ಯ ಪಂಚಮಿ, ಸರಿಯಾಗಿಯೇ ಇತ್ತು. ಇನ್ನೊಮ್ಮೆ ಸುಮಿತ್ರಾಳ ತಂದೆಯದನ್ನು ಹಾಕಿದರೆ, ವದ್ಯ ದಶಮಿ!

ಆಗ ಹೊಳೆಯಿತು. ವದ್ಯ ಪಕ್ಷ ಬಂದರೆ ನನ್ನ ಫಂಕ್ಷನ್ ಒಂದು ಗುರುತು ಏರಿಸುತ್ತಿತ್ತು, ಲೆಕ್ಕ ಮುಗಿದ ಮೇಲೆ ಇಳಿಸುತ್ತಿರಲಿಲ್ಲ. ಮನೆಯಲ್ಲಿ ಪ್ರತಿ ಪರೀಕ್ಷೆಗೂ ಪ್ರೋಗ್ರಾಂ ಹೊಸದಾಗಿ ಶುರುವಾಗಿ ಅಲ್ಲೇ ಮುಗಿಯುತ್ತಿದ್ದರಿಂದ ಗುರುತೂ ಅಳಿಯುತ್ತಿತ್ತು. ಸೈಟು ಓಡುವ ಸರ್ವರಿನಲ್ಲಿ ಹಾಗಲ್ಲ. ಪಿಎಚ್‌ಪಿ ಪ್ರತಿಯೊಬ್ಬರಿಗೂ ಹೊಸದಾಗಿ ಶುರು ಮಾಡಿದರೂ, ಅದರ ಕೆಳಗೆ ನಾನು ಜೋಡಿಸಿದ ಸಿ ಕೋಡು ಮುಗಿಯದೆ ಹಾಗೇ ಕೂತಿರುತ್ತದೆ. ಹಿಂದೆ ಕೇಳಿದವರ ಗುರುತು ಮುಂದೆ ಕೇಳಿದವರಿಗೆ ಅಂಟುತ್ತಿತ್ತು. ಸರ್ವರಿನಲ್ಲಿ ಅಂಥ ಹಲವು ಪ್ರತಿಗಳು ಒಟ್ಟಿಗೆ ಓಡುವುದರಿಂದ, ಗುರುತು ಉಳಿದ ಪ್ರತಿ ಸಿಕ್ಕವರಿಗೆ ವದ್ಯ, ಉಳಿಯದ್ದು ಸಿಕ್ಕವರಿಗೆ ಶುದ್ಧ.

ಇದನ್ನು ಅವರಿಗೆ ತಿಳಿಯುವಂತೆ ಹೇಳಲು ನಾನು ತಡವರಿಸಿದೆ. ಅತ್ತೆ ಕೇಳಿಸಿಕೊಂಡು, “ಅಂದ್ರ ಒಬ್ಬರು ಉಂಡ ಎಲಿ ತಗೀಲಾರದ, ಅದರ ಮುಂದ ಇನ್ನೊಬ್ಬರನ್ನ ಕೂಡಿಸೀರಿ. ಹೌದಲ್ರಿ?” ಎಂದರು.

ಹೌದು ಎಂದೆ. ಪಂಕ್ತಿಯಲ್ಲಿ ಎಲೆ ತೆಗೆದು ಗೋಮಯ ಹಚ್ಚುವುದು ತಡವಾದರೆ ಎಲ್ಲರ ಎದುರು ಗದರುವವನು ನಾನೇ.

ಅಂದೇ ಊರಿಗೆ ಮರಳಿ ಕೋಡು ಸರಿಪಡಿಸಿದೆ. ಶ್ರೀಪಾದ ಶುದ್ಧ ದಶಮಿಯಂದೇ ಶ್ರಾದ್ಧ ಮಾಡಿದ. ಸುಮಿತ್ರಾ ಹಿಂದಿನ ದಿನವೇ ಅಣ್ಣನ ಮನೆಗೆ ಹೋಗಿದ್ದಳು. ನನಗೂ ಕರೆ ಬಂದಿತ್ತು, ಹೋಗಿ ಉಂಡು ಬಂದೆ.

ಸೈಟು ನೋಡಿದವರೆಲ್ಲ ಇನ್ನೊಮ್ಮೆ ನೋಡಿಕೊಳ್ಳಿ ಎಂದು ಬಳಗದವರಿಗೆ ವಾಟ್ಸಾಪ್‌ನಲ್ಲಿ ತಿಳಿಸಿದೆ. ಕೆಲವರು ಕೈ ಮುಗಿದ ಚಿತ್ರ ಕಳಿಸಿದರು. ಉಳಿದವರು ಏನೂ ಹೇಳಲಿಲ್ಲ. ಯಾರ ಅಪ್ಪ ತಮ್ಮ ತಿಥಿಯಂದು ಬಂದು, ಒಲೆ ಹೊತ್ತದ ಮನೆ ನೋಡಿ ಹಾಗೇ ತಿರುಗಿ ಹೋದರೋ, ನನಗೆ ಇಂದಿಗೂ ಗೊತ್ತಿಲ್ಲ.