ಅಮ್ಮನ ಹಾಡಿನ ಮೂರು ಪ್ರತಿಗಳು

ಹಳೆಯ ಗ್ರೀಕ್ ಗ್ರಂಥಗಳನ್ನು ಕೈಯಲ್ಲಿ ನಕಲು ಮಾಡುತ್ತಿದ್ದ ಲಿಪಿಕಾರರ ಮೇಲೆ ನನಗೆ ಈಚೆಗೆ ಒಂದು ಥರ ಬಂಧುಪ್ರೀತಿ ಹುಟ್ಟಿದೆ. ಅವರೂ ನನ್ನ ಹಾಗೇ ಸಾಲು ಹಾರಿಸುತ್ತಿದ್ದರಂತೆ.

ಇದನ್ನು ಹೇಳಿದವಳು ನನ್ನ ಮಗಳು ಮೇಘನಾ. ಕಂಪ್ಯೂಟರ್ ಓದೇ ಅಂದರೆ ಗ್ರೀಕ್ ಓದಿ, ಈಗ ಅದನ್ನೇ ಪಾಠ ಮಾಡುವ ಮಹಾತಾಯಿ. ಅವಳ ಸೀಮಂತ ಅಮೆರಿಕದ ಎಲಿಕಾಟ್ ಸಿಟಿಯ ನಮ್ಮ ಮನೆಯಲ್ಲಿ. ನನ್ನ ಅಮ್ಮ ತಾನೇ ಕಟ್ಟಿದ ಆರತಿ ಹಾಡನ್ನು ಅವತ್ತು ಹಾಡಲೇಬೇಕೆಂದು ನನ್ನ ಹಟ. ಅಮ್ಮ ಕೋವಿಡ್ ವರ್ಷ ಹೋದಳು. ಹಾಡು ಎಲ್ಲೂ ಅಚ್ಚಾಗಿಲ್ಲ, ರೆಕಾರ್ಡೂ ಇಲ್ಲ, ಅಮ್ಮ ಬರೆದಿಟ್ಟಿದ್ದ ಪುಸ್ತಕವೂ ಈಗಿಲ್ಲ. ಇದ್ದದ್ದು ಮೂರು ಪ್ರತಿ: ನನ್ನದು, ಅಟ್ಲಾಂಟಾದಲ್ಲಿರುವ ಅಕ್ಕನದು, ರಾಲೀಯಲ್ಲಿ ಕೆಲಸದಲ್ಲಿರುವ ಅಕ್ಕನ ಮಗಳು ನಿಶಾಳದು. ನೋಡಿದರೆ ಮೂರೂ ಬೇರೆಬೇರೆ.

ನಾನು ಕಂಗಾಲಾದೆ, ಮೇಘನಾಗೆ ಹಬ್ಬ. ಗ್ರೀಕರು ಸ್ವತಃ ಬರೆದ ಮೂಲಗಳು ಉಳಿದೇ ಇಲ್ಲವಂತೆ. ಎಷ್ಟೋ ಕೃತಿಗಳು ಪೂರ್ತಿ ಮಣ್ಣುಪಾಲಾಗಿವೆ. ಆದರೂ ಉಳಿದದ್ದನ್ನು ಬಹುಮಟ್ಟಿಗೆ ನಂಬಬಹುದು, ಏಕೆಂದರೆ ಒಬ್ಬ ತಪ್ಪಿದ ಕಡೆಯೇ ಎಲ್ಲರೂ ತಪ್ಪಿರುವುದಿಲ್ಲ. ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು ಅಷ್ಟೆ.

ವಿಡಿಯೋ ಕಾಲ್‌ನಲ್ಲಿ ಕೂತು ನೋಡಿದೆವು. ನನ್ನದರಲ್ಲಿ ಒಂದು ನುಡಿಯೇ ಮಾಯ! ಎರಡು ನುಡಿಗಳು ಒಂದೇ ಮಾತಿನಲ್ಲಿ ಮುಗಿಯುತ್ತಿದ್ದುದರಿಂದ, ಅಮ್ಮನ ಪುಸ್ತಕ ನೋಡಿ ಬರೆದುಕೊಳ್ಳುವಾಗ ಕಣ್ಣು ಅಲ್ಲಿಂದ ಇಲ್ಲಿಗೆ ಜಿಗಿದುಬಿಟ್ಟಿತ್ತು. ಲಿಪಿಕಾರರ ಮಾಮೂಲಿ ತಪ್ಪಂತೆ ಅದು. ಕನ್ನಡ ಎಂ.ಎ. ಮಾಡಿದ ಅಕ್ಕನೋ, ಅಮ್ಮನ ಆಡುಮಾತನ್ನೆಲ್ಲ ತಿದ್ದಿ ಗ್ರಾಂಥಿಕ ಮಾಡಿಟ್ಟಿದ್ದಳು. ಮೇಘನಾ ಪ್ರಕಾರ ಜಾಣ ಲಿಪಿಕಾರರೇ ಅಪಾಯ. ಅರ್ಥವಾಗದವನು ಕಂಡದ್ದನ್ನು ಕಂಡ ಹಾಗೆ ಬರೆದಿಡುತ್ತಾನೆ.

ನಮ್ಮ ನಿಶಾ ಅಂಥವಳು. ಕನ್ನಡ ಓದಲು ಬಾರದು, ಮಾತೂ ಅರ್ಧಂಬರ್ಧ. ಅಜ್ಜಿ ಫೋನಿನಲ್ಲಿ ಹೇಳಿದ್ದನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಂಡಿದ್ದಳು. ನಾನು ಕಳೆದ ನುಡಿ ಅಲ್ಲಿತ್ತು, ಅಮ್ಮನ ಆಡುಮಾತೂ ಇತ್ತು. ನಡುವೆ, ತಾಳಕ್ಕೆ ಕೂರದ ಒಂದು ಸಾಲೂ ಇತ್ತು: "ಇರು ಪುಟ್ಟಿ, ಹಾಲು ಉಕ್ತಾ ಇದೆ."

ಮೊದಲು ನಗು ಬಂತು, ಆಮೇಲೆ ಅಳು. ಇಷ್ಟು ವರ್ಷದ ಮೇಲೆ ಅಮ್ಮ ಅಡುಗೆಮನೆಯಿಂದ ಮಾತಾಡಿದ ಹಾಗಾಯಿತು.

"ಅದು ಹಾಡಲ್ಲ ಕಣೇ, ತೆಗಿ," ಎಂದಳು ಅಕ್ಕ.

"ಅಜ್ಜಿ ಹೇಳಿದ್ದು ತಾನೆ ದೊಡ್ಡಮ್ಮ? ಡಿಲೀಟ್ ಮಾಡೋದು ಬೇಡ, ಇರ್ಲಿ," ಎಂದಳು ಮೇಘನಾ. ಬಸುರಿಯ ಮಾತು, ಸಾಲು ಉಳಿಯಿತು.

ಸೀಮಂತದ ದಿನ ನಾವು ಮೂವರೂ ಮೇಘನಾಳ ಮುಂದೆ ನಿಂತು ಹಾಡಿದೆವು. ಆ ಸಾಲು ಬಂತು. ನಿಶಾ ತನ್ನ ಅಮೆರಿಕನ್ ಉಚ್ಚಾರದಲ್ಲಿ ಅದನ್ನೂ ರಾಗವಾಗಿ ಹಾಡಿದಳು. ತೆಗಿ ಎಂದಿದ್ದ ಅಕ್ಕ, ಆರತಿ ತಟ್ಟೆ ಹಿಡಿದುಕೊಂಡೇ, ಥಟ್ಟನೆ ಒಲೆಯ ಕಡೆ ತಿರುಗಿ ನೋಡಿದಳು.