ಪುಟ್ಟಮಾದಪ್ಪಣ್ಣನ ಗೇರ್‌ಬಾಕ್ಸ್

ಹೂಗ್ಯಂ ಪುಟ್ಟಮಾದಪ್ಪಣ್ಣನ ಹೆಸರು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಕೊಳ್ಳೇಗಾಲದಲ್ಲಿ ಇಪ್ಪತ್ತೆರಡು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ, ಇಷ್ಟು ಮೊಂಡ ಗಿರಾಕಿಯನ್ನು ನೋಡಿಲ್ಲ.

ಅವನದು ಹಳೇ ಜೀಪು. ಹೂಗ್ಯಂನಿಂದ ಕೌದಳ್ಳಿಗೆ ಜನ, ರಾಗಿ ಮೂಟೆ, ಆಡು ಕುರಿ ಎಲ್ಲ ಅದರಲ್ಲೇ. ಸೋಮವಾರ ಮಾತ್ರ ಓಡಿಸುವುದಿಲ್ಲ. ಎತ್ತಿಗೆ ನೊಗ ಹೂಡದ ದಿನ ಜೀಪಿಗೂ ರಜಾ. ಏರಿನಲ್ಲಿ ಉಸಿರು ಕಟ್ಟುತ್ತದೆಂದು ಯಾರದೋ ಮಾತು ಕೇಳಿ ದೊಡ್ಡ ಗಾಡಿಯ ಡೀಸೆಲ್ ಎಂಜಿನ್ ಕೂರಿಸಿಬಿಟ್ಟ. ಶಕ್ತಿ ಎರಡು ಪಟ್ಟಾಯಿತು, ಗೇರ್‌ಬಾಕ್ಸ್ ಮಾತ್ರ ಹಳೆಯದೇ. ಭಾರ ಹೊತ್ತು ಏರು ಹತ್ತುವಾಗ ಗೇರಿನ ಹಲ್ಲುಗಳೇ ಉದುರುತ್ತಿದ್ದವು. ಮೂರು ವರ್ಷದಲ್ಲಿ ಮೂರು ಸಲ ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದ. ಬಂದಾಗಲೆಲ್ಲ ಒಬ್ಬನೇ, ಬಂದಾಗಲೆಲ್ಲ ಒಂದೇ ಮಾತು: "ಕ್ಲಚ್ ಪ್ಲೇಟ್ ಬದಲಾಯ್ಸಿ ನೋಡಿ ಮೇಸ್ತ್ರಿ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮೊದಲ ಸಲವೇ ನಾನು ಹುಡುಕಿ ತಕ್ಕ ಗೇರ್‌ಬಾಕ್ಸೊಂದು ತಂದಿಟ್ಟಿದ್ದೆ. ಐದು ಗೇರಿನದು, ದಪ್ಪ ಹಲ್ಲು, ಆ ಎಂಜಿನ್ನಿಗೆ ಹೇಳಿ ಮಾಡಿಸಿದಂಥದ್ದು. ಆದರೆ ಹಳೆಯದಕ್ಕಿಂತ ಒಂದು ಗೇಣು ಉದ್ದ. ಹಾಗಾಗಿ ಗೇರ್ ಕಡ್ಡಿ ಹಿಂದಕ್ಕೆ ಸರಿದು, ಡ್ರೈವರ್ ಪಕ್ಕದ ನಡುವಿನ ಸೀಟಿಗೆ ಅಂಟಿಕೊಂಡೇ ನಿಲ್ಲುತ್ತದೆ. ಅಲ್ಲಿ ಯಾರೂ ಕೂರುವಂತಿಲ್ಲ.

ಅವನು ಬಗ್ಗಿ ಗೇಣು ಹಾಕಿ ಅಳೆದ. "ಬ್ಯಾಡಿ ಮೇಸ್ತ್ರಿ. ನಡುವಿನ ಸೀಟು ಬುಡಕ್ಕಾಗಲ್ಲ."

"ಏರಲ್ಲಿ ಗೇರ್ ಕಳ್ಚಿ ಗಾಡಿ ಇಂದಕ್ಕೆ ಉರುಳುದ್ರೆ ಅಷ್ಟೂ ಜನ ಓಯ್ತರೆ ಕಣಣ್ಣ," ಎಂದೆ.

"ಕಡ್ಡಿನ ಒಸಿ ಮುಂದಕ್ಕೆ ಬಗ್ಸಕ್ಕಾಯ್ತದಾ?"

"ಒಂದು ಟಿಕೆಟ್ ಆಸೆಗೆ ನನ್ ಕೆಲ್ಸ ಕೆಡಿಸ್ಕಳಲ್ಲ. ಆಕುಸ್ಕಳದಾದ್ರೆ ಇದ್ದಂಗೇ ಆಕುಸ್ಕೊ."

ಅವನು ಮುಖ ಸಣ್ಣದು ಮಾಡಿಕೊಂಡ. ಹಳೆಯದನ್ನೇ ರಿಪೇರಿ ಮಾಡಿಸಿಕೊಂಡು ಹೋದ. ಮುಂದಿನ ಎರಡು ಸಲವೂ ಅದೇ ಕಥೆ. ದೊಡ್ಡ ಗೇರ್‌ಬಾಕ್ಸ್ ನನ್ನ ಮೂಲೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿತ್ತು. ಅದನ್ನು ನೋಡಿದಾಗಲೆಲ್ಲ ಈ ಮನುಷ್ಯನಿಗೆ ಜನರ ಜೀವಕ್ಕಿಂತ ಒಂದು ಸೀಟು ಹೆಚ್ಚಾಯಿತಲ್ಲ ಎಂದು ಹಲ್ಲು ಕಡಿಯುತ್ತಿದ್ದೆ.

ಕಳೆದ ಕಾರ್ತಿಕದಲ್ಲಿ ಫೋನ್ ಬಂತು. ಕೌದಳ್ಳಿಗೆ ಬರುವ ಏರಿನಲ್ಲಿ ಜೀಪು ನಿಂತಿದೆಯಂತೆ. ದಾರಿಯುದ್ದಕ್ಕೂ ಬೈದುಕೊಂಡೇ ಹೋದೆ. ನಾನು ಹೇಳಿದ್ದೇ ಆಗಿತ್ತು. ಜೀಪು ಹಿಂದಕ್ಕೆ ಉರುಳಿ, ಮೋರಿಯ ಕಟ್ಟೆ ತಡೆದದ್ದರಿಂದ ಉಳಿದಿತ್ತು. ಜನರೆಲ್ಲ ಇಳಿದು ಹುಣಸೆ ಮರದ ನೆರಳಲ್ಲಿ ಕೂತಿದ್ದರು. ಒಬ್ಬ ಹೆಂಗಸು ಮಾತ್ರ ಗಾಡಿಯಲ್ಲೇ, ಅದೇ ನಡುವಿನ ಸೀಟಿನಲ್ಲಿ ಕೂತಿದ್ದಳು. ಅವಳ ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ನಮ್ಮೆಂಗ್ಸು, ಚಿಕ್ಕಬಸಮ್ಮ," ಎಂದ ಪುಟ್ಟಮಾದಪ್ಪಣ್ಣ. "ಲಕ್ವ ಒಡ್ದು ನಾಕ್ ವರ್ಸಾಯ್ತು. ದಿನಾ ಒಬ್ಳನ್ನೇ ಮನೇಲಿ ಬುಟ್ಟು ಬರಕ್ಕಾಗಲ್ಲ. ಅಂಚಲ್ಲಿ ಕೂರ್ಸುದ್ರೆ ಬಿದ್ದೋಯ್ತಳೆ. ನಡುವ್ಲಿದ್ರೆ ನನ್ ಬುಜಕ್ಕೆ ಒರಗ್ಕತಳೆ."

ಆಕೆ ನನ್ನ ಕಡೆ ತಿರುಗಿದಳು. ಮಾತು ತೊದಲುತ್ತಿದ್ದರೂ ತಿಳಿಯಿತು. "ಆ ದೊಡ್ಡದ್ನೇ ಆಕ್ಬುಡಪ್ಪ. ನಾ ಮನೇಲೇ ಇರ್ತೀನಿ."

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. "ಮೂರು ವರ್ಸ ಬಾಯಲ್ಲಿ ಏನಿಟ್ಕಂಡಿದ್ದಣ್ಣ? ಇದ್ನ ಒಂದ್ ಮಾತು ಯೋಳಕ್ಕೇನಾಗಿತ್ತು?"

"ನೀವು ಟಿಕೆಟ್ ಆಸೆ ಅಂದ್ಬುಟ್ರಲ್ಲ ಮೇಸ್ತ್ರಿ," ಎಂದ. "ಆಮ್ಯಾಕೆ ಏನ್ ಯೋಳದು."

ಆ ವಾರವೇ ದೊಡ್ಡ ಗೇರ್‌ಬಾಕ್ಸ್ ಕೂರಿಸಿದೆ. ಚಿಕ್ಕಬಸಮ್ಮನನ್ನು ಸೀಟಿನಲ್ಲಿ ಕೂರಿಸಿ, ಅವಳ ಮಂಡಿಯಿಂದ ಅಳತೆ ತೆಗೆದು, ಕಡ್ಡಿಯನ್ನು ಕೆಂಪಗೆ ಕಾಯಿಸಿ ಮುಂದಕ್ಕೆ ಬಗ್ಗಿಸಿದೆ. ಬಗ್ಗಿಸಲು ಹಿಡಿದದ್ದು ಕಾಲು ಗಂಟೆ.